ಬೆನ್ನುಹುರಿಗೆ ಪೆಟ್ಟಾದವರಿಗೆ ಕೊಡುವ ಮೂತ್ರಕೋಶದ ಗುಳಿಗೆ ಯಾತಕ್ಕೆ?

ಬೆನ್ನುಹುರಿಗೆ ಪೆಟ್ಟಾದವರ ಮನೆಯಲ್ಲಿ ಎಲ್ಲರ ಕಣ್ಣು ಕಾಲಿನ ಮೇಲೆ. ಹೆಬ್ಬೆರಳು ಅಲುಗಾಡಿತಾ, ಹಿಡಿದುಕೊಂಡು ನಿಂತನಾ, ಫಿಸಿಯೋಥೆರಪಿಯವರು ಏನಂದರು? ಮೂತ್ರದ ಮಾತು ಬರುವುದು ಹಾಸಿಗೆ ಒದ್ದೆಯಾದಾಗ ಮಾತ್ರ. ಅದೂ ಮೆಲ್ಲಗೆ, ನಾಚಿಕೆಯಿಂದ.

ಜಮಖಂಡಿಯ ನಮ್ಮ ಔಷಧಿ ಅಂಗಡಿಗೆ ಇಂಥ ಮನೆಗಳವರು ಬರುತ್ತಲೇ ಇರುತ್ತಾರೆ. ಆಡಿಗೆ ತಪ್ಪಲು ಕಡಿಯಲು ಬೇವಿನ ಗಿಡ ಹತ್ತಿ ಬಿದ್ದವರು, ಬಾವಿಗೆ ಬಿದ್ದವರು, ಕಬ್ಬಿನ ಸೀಸನ್‌ನಲ್ಲಿ ಹಿಂದೆ ದೀಪವಿಲ್ಲದ ಟ್ರೇಲರ್‌ಗೆ ರಾತ್ರಿ ಬೈಕ್ ಗುದ್ದಿದವರು. ಪ್ಲಾಸ್ಟಿಕ್ ಕವರಿನಿಂದ ಚೀಟಿ ತೆಗೆದು ಕೇಳುವ ಮಾತು ಒಂದೇ: "ಸೋರೂದು ನಿಲ್ಲೂ ಗುಳಿಗಿ ಕೊಡ್ರಿ." ಆ ಗುಳಿಗೆ ಕಿಡ್ನಿ ಉಳಿಸಲಿಕ್ಕೆ ಎಂದರೆ ಬಹಳ ಜನ ಅಚ್ಚರಿಪಡುತ್ತಾರೆ. ಸೋರುವುದು ಕಡಿಮೆಯಾಗುವುದು ದೊಡ್ಡ ಅನುಕೂಲ, ನಿಜ. ಆದರೆ ಅದರ ಮುಖ್ಯ ಕೆಲಸ ಮೂತ್ರಕೋಶದೊಳಗಿನ ಒತ್ತಡ ಇಳಿಸುವುದು. ಇದು ಗೊತ್ತಿಲ್ಲದೆ ಬಾಯಿ ಒಣಗುತ್ತದೆ ಅಂತ ಸುಮ್ನೆ ಗುಳಿಗೆ ಬಿಟ್ಟುಬಿಡುವವರನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಫಾರ್ಮಸಿ ಓದಿದವನು. ಯಾವ ಔಷಧಿ, ಎಷ್ಟು ಡೋಸ್ ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಅದು ಒಳಗೆ ಏನು ಮಾಡುತ್ತದೆ ಅನ್ನುವುದನ್ನು ನಾನು ಹೇಳಬಲ್ಲೆ.

ಮೂತ್ರಕೋಶಕ್ಕೆ ಎರಡೇ ಕೆಲಸ. ತುಂಬಿಟ್ಟುಕೊಳ್ಳುವುದು, ಆಮೇಲೆ ಖಾಲಿ ಮಾಡುವುದು. ದೊಡ್ಡವರಲ್ಲಿ ಸುಮಾರು 400ರಿಂದ 500 ಮಿಲಿಲೀಟರ್ ಹಿಡಿಯುತ್ತದೆ. ಅದರ ಗೋಡೆ ಪೂರ್ತಿ ಸ್ನಾಯು. ಕೆಳಗೆ ಬಾಯಿ ಕಟ್ಟುವ ಇನ್ನೊಂದು ಸ್ನಾಯು ಇದೆ. ತುಂಬುವಾಗ ಗೋಡೆ ಸಡಿಲ ಇರಬೇಕು, ಬಾಯಿ ಬಿಗಿ ಇರಬೇಕು. ಹೊಯ್ಯುವಾಗ ಗೋಡೆ ಹಿಂಡಬೇಕು, ಅದೇ ಹೊತ್ತಿಗೆ ಬಾಯಿ ಬಿಡಬೇಕು. ಈ ಹೊಂದಾಣಿಕೆಯನ್ನು ನೋಡಿಕೊಳ್ಳುವ ಕೇಂದ್ರ ಮಿದುಳಿನ ಬುಡದಲ್ಲಿದೆ. ಅಲ್ಲಿಂದ ಆದೇಶ ಬೆನ್ನುಹುರಿಯ ಉದ್ದಕ್ಕೂ ಇಳಿದು ಕೊನೆಯ ತುದಿಗೆ ಬರುತ್ತದೆ. ಆ ತುದಿಯಲ್ಲಿ ಎಸ್-2ರಿಂದ ಎಸ್-4ರವರೆಗಿನ ನರಗಳು (ಬೆನ್ನುಹುರಿಯ ಕೆಳತುದಿಯ ನರಗಳಿಗೆ ಇಟ್ಟ ಸಂಖ್ಯೆ) ಹುಟ್ಟುತ್ತವೆ. ಮೂತ್ರಕೋಶವನ್ನು ಹಿಂಡುವ ನರ ಅವೇ.

ಪೆಟ್ಟು ಈ ತುದಿಗಿಂತ ಮೇಲೆ ಬಿದ್ದರೆ ಮಿದುಳಿನ ಆದೇಶ ಕೆಳಗೆ ತಲುಪುವುದಿಲ್ಲ. ತುದಿ ಮಾತ್ರ ಜೀವಂತ ಇರುತ್ತದೆ.

ಪೆಟ್ಟಾದ ಮೊದಲ ಕೆಲವು ವಾರ ಮೂತ್ರಕೋಶ ಪೂರ್ತಿ ಸೋತು ಮಲಗಿರುತ್ತದೆ. ಹಿಂಡುವ ಶಕ್ತಿ ಇಲ್ಲ. ಅದಕ್ಕೇ ಆಸ್ಪತ್ರೆಯಲ್ಲಿ ಫೋಲಿ ಕ್ಯಾತಿಟರ್ (ಒಳಗೇ ಉಳಿಯುವ ಮೂತ್ರದ ನಳಿಗೆ) ಹಾಕಿ ಚೀಲ ಕಟ್ಟಿ ಕಳಿಸುತ್ತಾರೆ. ಆರರಿಂದ ಹನ್ನೆರಡು ವಾರದೊಳಗೆ, ಕೆಲವರಿಗೆ ಇನ್ನೂ ತಡವಾಗಿ, ಕೆಳಗಿನ ತುದಿ ಎಚ್ಚರಾಗುತ್ತದೆ. ಈಗ ಅದಕ್ಕೆ ಯಜಮಾನ ಇಲ್ಲ. ಸ್ವಲ್ಪ ಮೂತ್ರ ತುಂಬಿದರೂ ಗೋಡೆ ತಾನಾಗೇ ಹಿಂಡಿಕೊಳ್ಳುತ್ತದೆ. ಕ್ಯಾತಿಟರ್ ಪಕ್ಕದಿಂದ ಮೂತ್ರ ಜಿನುಗುತ್ತದೆ, ಇಲ್ಲವೇ ಕ್ಯಾತಿಟರ್ ತೆಗೆದ ಮೇಲೆ ಹಾಸಿಗೆ ತೊಯ್ಯುತ್ತದೆ.

ಮನೆಯವರಿಗೆ ಆಗ ಖುಷಿ. "ತಾನಾ ಹೋಗಾಕತ್ತೈತ್ರಿ, ಇನ್ನ ಆರಾಮ ಆಗ್ತಾನ" ಅನ್ನುತ್ತಾರೆ. ಆ ಖುಷಿಯನ್ನು ಒಡೆಯಲು ನನಗೂ ಮನಸ್ಸಾಗುವುದಿಲ್ಲ. ಆದರೂ ಹೇಳಲೇಬೇಕು. ತಾನಾಗಿ ಹೋಗುವುದು ಬೇರೆ, ಸರಿಯಾಗಿ ಖಾಲಿಯಾಗುವುದು ಬೇರೆ. ಯೂರಾಲಜಿ (ಮೂತ್ರಾಂಗಗಳ) ಡಾಕ್ಟರ್ ಹತ್ತಿರ ಹೋಗಬೇಕಾದ ಹೊತ್ತು ಅದೇ.

ಯಾಕೆಂದರೆ ಗೋಡೆ ಹಿಂಡುವಾಗ ಬಾಯಿಯ ಸ್ನಾಯು ಬಿಡುವ ಬದಲು ಇನ್ನೂ ಬಿಗಿಯಾಗುತ್ತದೆ. ಮೇಲಿನಿಂದ ಹೊಂದಾಣಿಕೆ ಮಾಡುವವರು ಯಾರೂ ಇಲ್ಲ ಅಲ್ವಾ? ದ್ರಾಕ್ಷಿ ತೋಟದಲ್ಲಿ ಡ್ರಿಪ್‌ನ ವಾಲ್ವ್ ಮುಚ್ಚಿಟ್ಟು ಮೋಟಾರ್ ಚಾಲೂ ಮಾಡಿದರೆ ಏನಾಗುತ್ತದೆ? ನೀರು ಮುಂದೆ ಹೋಗದೆ ಪೈಪಿನ ಜಾಯಿಂಟ್ ಬಿಚ್ಚುತ್ತದೆ. ಇಲ್ಲಿಯೂ ಹಾಗೇ. ಸ್ವಲ್ಪ ಮೂತ್ರ ಹೊರಗೆ ಸೋರುತ್ತದೆ, ಉಳಿದದ್ದು ಒಳಗೇ ನಿಲ್ಲುತ್ತದೆ, ಒತ್ತಡ ಏರುತ್ತದೆ. ಕಿಡ್ನಿಯಿಂದ ಮೂತ್ರ ಇಳಿಯುವ ನಾಳಗಳು ಇಂಥ ಒತ್ತಡಕ್ಕೆ ಎದುರಾಗಿ ಕೆಲಸ ಮಾಡಲಾರವು. ಮೂತ್ರ ಮೇಲೆಯೇ ನಿಲ್ಲುತ್ತದೆ, ಕೆಲವರಲ್ಲಿ ವಾಪಸ್ ಮೇಲಕ್ಕೆ ಹೋಗುತ್ತದೆ. ಕಿಡ್ನಿ ಊದಿಕೊಳ್ಳುತ್ತದೆ. ಅದರ ಜೊತೆ ಸೋಂಕು ಸೇರಿದರೆ ಕಿಡ್ನಿ ಬೇಗ ಹಾಳಾಗುತ್ತದೆ.

ಎಷ್ಟು ಒತ್ತಡ ಅಪಾಯ? 1981ರಲ್ಲಿ ಅಮೆರಿಕದ ಮೆಕ್‌ಗ್ವೈರ್ ಎಂಬ ಯೂರಾಲಜಿಸ್ಟ್ ಮತ್ತು ಜೊತೆಗಾರರು ಹುಟ್ಟಿನಿಂದಲೇ ಬೆನ್ನುಹುರಿಯ ತೊಂದರೆ ಇದ್ದ ಮಕ್ಕಳನ್ನು ನೋಡಿ ಒಂದು ಗಡಿ ಹೇಳಿದರು. ಮೂತ್ರ ಸೋರಲು ಶುರುವಾಗುವ ಹೊತ್ತಿಗೆ ಒಳಗಿನ ಒತ್ತಡ 40 ಸೆಂಟಿಮೀಟರ್ ನೀರಿನ ಮಟ್ಟ (ಅಷ್ಟು ಎತ್ತರದ ನೀರಿನ ಕಂಬ ಒತ್ತುವಷ್ಟು) ದಾಟಿದ್ದರೆ ಕಿಡ್ನಿಗೆ ಅಪಾಯ ಜಾಸ್ತಿ. ಇವತ್ತಿಗೂ ಡಾಕ್ಟರುಗಳು ಈ ಸಂಖ್ಯೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ. 40ರ ಕೆಳಗಿದ್ದರೆ ಏನೂ ಆಗುವುದಿಲ್ಲ ಎಂದು ಅರ್ಥವಲ್ಲ. ಒತ್ತಡ ಕಡಿಮೆ ಇದ್ದಷ್ಟೂ ಒಳ್ಳೆಯದು.

ಇದರಲ್ಲಿ ಕ್ರೂರವಾದ ಸಂಗತಿ ಏನೆಂದರೆ, ಇದ್ಯಾವುದೂ ನೋಯುವುದಿಲ್ಲ. ಸ್ಪರ್ಶ ಹೋದವರಿಗೆ ಕಿಡ್ನಿ ಊದಿದ್ದು ಗೊತ್ತಾಗದೇ ಇರಬಹುದು. ಎರಡನೇ ಮಹಾಯುದ್ಧಕ್ಕೆ ಮೊದಲು ಬೆನ್ನುಹುರಿ ಪೆಟ್ಟಿನವರು ಬಹುತೇಕ ಸಾಯುತ್ತಿದ್ದದ್ದು ಮೂತ್ರದ ಸೋಂಕು, ಕಿಡ್ನಿ ವೈಫಲ್ಯ ಮತ್ತು ಬೆಡ್‌ಸೋರ್‌ನಿಂದ (ಮಲಗಿದಲ್ಲೇ ಆಗುವ ಹುಣ್ಣು). 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಡಾಕ್ಟರ್ ಲುಡ್ವಿಗ್ ಗಟ್‌ಮನ್ ಬೆನ್ನುಹುರಿ ವಾರ್ಡ್ ಶುರು ಮಾಡಿದರು. ಮೂತ್ರಕೋಶವನ್ನು ಹೊತ್ತಿಗೆ ಸರಿಯಾಗಿ ಖಾಲಿ ಮಾಡುವುದಕ್ಕೆ ಅವರು ಕೊಟ್ಟಷ್ಟು ಗಮನವನ್ನು ಅದಕ್ಕೆ ಮೊದಲು ಹೆಚ್ಚಿನವರು ಕೊಟ್ಟಿರಲಿಲ್ಲ.

ಈಗ ಗುಳಿಗೆಗೆ ಬರೋಣ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬಂದು ಮೂತ್ರಕೋಶದ ಗೋಡೆಯ ಮಸ್ಕರಿನಿಕ್ ಗ್ರಾಹಕಗಳಿಗೆ (ಆ ರಾಸಾಯನಿಕ ಬಂದು ಕೂರುವ ಜಾಗಗಳಿಗೆ) ಅಂಟಿಕೊಂಡಾಗ ಸ್ನಾಯು ಹಿಂಡುತ್ತದೆ. ಈ ಗುಂಪಿನ ಔಷಧಿಗಳು ಮೊದಲೇ ಹೋಗಿ ಆ ಗ್ರಾಹಕಗಳನ್ನು ಹಿಡಿದುಕೊಳ್ಳುತ್ತವೆ. ಹಿಂಡುವ ಆದೇಶ ಬಂದರೂ ಪೂರ್ತಿ ತಲುಪುವುದಿಲ್ಲ. ಗೋಡೆ ಶಾಂತವಾಗುತ್ತದೆ, ಹೆಚ್ಚು ಮೂತ್ರ ಹಿಡಿಯುತ್ತದೆ, ಒತ್ತಡ ಇಳಿಯುತ್ತದೆ.

ಹಳೆಯದು ಆಕ್ಸಿಬ್ಯುಟಿನಿನ್. 1970ರ ದಶಕದಿಂದ ಬಳಕೆಯಲ್ಲಿದೆ. ಸಾಮಾನ್ಯವಾಗಿ 5 ಮಿಲಿಗ್ರಾಂ, ದಿನಕ್ಕೆ ಎರಡು ಮೂರು ಸಲ. ಆಮೇಲೆ ಟೋಲ್ಟೆರೊಡಿನ್ ಬಂತು, ಡಾರಿಫೆನಾಸಿನ್ ಬಂತು. ನಮ್ಮ ಕಡೆಯ ಚೀಟಿಗಳಲ್ಲಿ ಈಗ ಜಾಸ್ತಿ ಕಾಣುವುದು ಸೋಲಿಫೆನಾಸಿನ್. 5 ಅಥವಾ 10 ಮಿಲಿಗ್ರಾಂ, ದಿನಕ್ಕೆ ಒಂದೇ. ಎಲ್ಲವೂ ಮಾಡುವ ಕೆಲಸ ಒಂದೇ ಬಗೆಯದು. ಯಾರಿಗೆ ಯಾವುದು ಹೊಂದುತ್ತದೆ ಅನ್ನುವುದು ಬಹಳಷ್ಟು ಮಟ್ಟಿಗೆ ಅಡ್ಡಪರಿಣಾಮದ ಪ್ರಶ್ನೆ. ಗುಳಿಗೆಯ ಸ್ಟ್ರಿಪ್ ಮೇಲೆ ಬ್ರ್ಯಾಂಡ್ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ಹೆಸರು ನೋಡಿ. ಅದು ಒಂದೇ ಇದ್ದು, ಮಿಲಿಗ್ರಾಂ ಒಂದೇ ಇದ್ದು, ಬಗೆಯೂ (ಸಾದಾ ಇಲ್ಲವೇ ದೀರ್ಘ ಪರಿಣಾಮದ್ದು) ಒಂದೇ ಇದ್ದರೆ ಅಗ್ಗದ ಜೆನೆರಿಕ್ ನಡೆಯುತ್ತದೆ. ದೀರ್ಘ ಪರಿಣಾಮದ ಗುಳಿಗೆಯನ್ನು ಮಾತ್ರ ಪುಡಿ ಮಾಡಬೇಡಿ, ಕಚ್ಚಬೇಡಿ. ಇಡೀ ದಿನದ ಔಷಧಿ ಒಮ್ಮೆಲೇ ಒಳಗೆ ಹೋದಂತಾಗುತ್ತದೆ. ಎರಡು ದಿನಕ್ಕೆ ಗುಣ ಕಾಣಲಿಲ್ಲ ಎಂದು ಬಿಡಬೇಡಿ. ಪೂರ್ತಿ ಪರಿಣಾಮ ಗೊತ್ತಾಗಲು ಕೆಲವು ವಾರ ಬೇಕು.

ಗುಳಿಗೆಯಿಂದ ಗೋಡೆ ಶಾಂತವಾಯಿತು. ಹಾಗಾದರೆ ಮೂತ್ರ ಹೊರಗೆ ಹೋಗುವುದು ಹೇಗೆ? ಈ ಪ್ರಶ್ನೆಯನ್ನು ಕೇಳುವವರು ಕಡಿಮೆ. ಗುಳಿಗೆ ಮೂತ್ರಕೋಶವನ್ನು ಖಾಲಿ ಮಾಡುವುದಿಲ್ಲ. ಹೊತ್ತುಹೊತ್ತಿಗೆ ನಳಿಗೆ ಹಾಕಿ ತೆಗೆಯಬೇಕು. ಬರೀ ಗುಳಿಗೆ ನುಂಗಿ ಖಾಲಿ ಮಾಡದಿದ್ದರೆ ಮೂತ್ರ ಒಳಗೇ ನಿಂತು ಸೋಂಕು, ಕಲ್ಲು ಎಲ್ಲ ಶುರುವಾಗುತ್ತದೆ. ಬರೀ ನಳಿಗೆ ಹಾಕಿ ಗುಳಿಗೆ ಬಿಟ್ಟರೆ ಎರಡು ಸಲದ ನಡುವೆ ಒತ್ತಡ ಏರಬಹುದು. ಇವು ಜೋಡಿ.

ಬೇಕಾದಾಗ ಹಾಕಿ ತೆಗೆಯುವ ಈ ಪದ್ಧತಿಯನ್ನು ಸ್ಟೆರೈಲ್ (ಪೂರ್ತಿ ರೋಗಾಣುರಹಿತ) ಅಲ್ಲದೆ, ಬರೀ ಶುಚಿಯಾಗಿ ಮಾಡಿದರೂ ಸಾಕು ಎಂದು ತೋರಿಸಿದ್ದು ಅಮೆರಿಕದ ಯೂರಾಲಜಿಸ್ಟ್ ಜ್ಯಾಕ್ ಲ್ಯಾಪಿಡೆಸ್, 1972ರಲ್ಲಿ. ಮೂತ್ರಕೋಶ ಅತಿಯಾಗಿ ಉಬ್ಬಿದರೆ ಅದರ ಗೋಡೆಗೆ ರಕ್ತ ಕಡಿಮೆಯಾಗಿ ಸೋಂಕು ಹತ್ತುತ್ತದೆ, ಹಾಗಾಗಿ ಮೇಲಿಂದ ಮೇಲೆ ಖಾಲಿ ಮಾಡುವುದೇ ದೊಡ್ಡದು ಅನ್ನುವುದು ಅವರ ವಾದ. ಮನೆಯಲ್ಲೇ ಮಾಡಬಹುದು ಅನ್ನುವ ಧೈರ್ಯ ಬಂದದ್ದು ಅಲ್ಲಿಂದ. ಸೋಪಿನಿಂದ ಕೈ ತೊಳೆಯುವುದು, ಜಾಗ ತೊಳೆಯುವುದು, ನಳಿಗೆಗೆ ಜೆಲ್ಲಿ ಹಚ್ಚುವುದು, ನಿಧಾನಕ್ಕೆ ತೂರಿಸುವುದು. ಮೂತ್ರ ಬರಲು ಶುರುವಾದ ಮೇಲೂ ಒಂದಿಷ್ಟು ಒಳಗೆ ಸರಿಸಿ ಪೂರ್ತಿ ಖಾಲಿಯಾಗುವವರೆಗೆ ಕಾಯಬೇಕು. ದೊಡ್ಡವರಿಗೆ ಸಾಮಾನ್ಯವಾಗಿ 12 ಅಥವಾ 14ರ ಸೈಜ್. ದಿನಕ್ಕೆ ನಾಲ್ಕರಿಂದ ಆರು ಸಲ. ಒಂದು ಸಲಕ್ಕೆ 500 ಮಿಲಿಲೀಟರ್ ದಾಟುತ್ತಿದ್ದರೆ ಅಂತರ ಕಡಿಮೆ ಮಾಡಬೇಕು, ಇಲ್ಲವೇ ನೀರಿನ ಲೆಕ್ಕ ನೋಡಬೇಕು. ಕೈ ಚೆನ್ನಾಗಿರುವವರು ತಾವೇ ಕಲಿಯುತ್ತಾರೆ. ಹೆಣ್ಣುಮಕ್ಕಳು ಮೊದಮೊದಲು ಕನ್ನಡಿ ಇಟ್ಟುಕೊಂಡು ಕಲಿಯುತ್ತಾರೆ. ನಳಿಗೆ ಒಮ್ಮೆ ಬಳಸಿ ಬಿಸಾಡುವುದೇ ಒಳ್ಳೆಯದು. ದಿನಕ್ಕೆ ಐದು ನಳಿಗೆ ಎಷ್ಟು ಮನೆಗಳಿಗೆ ಆಗುತ್ತದೆ ಹೇಳಿ? ತೊಳೆದು ಬಳಸಲೇಬೇಕಾದವರು ಹೇಗೆ ತೊಳೆಯಬೇಕು, ಎಷ್ಟು ದಿನ ಬಳಸಬೇಕು ಎಂದು ಆಸ್ಪತ್ರೆಯ ನರ್ಸ್ ಹತ್ತಿರವೇ ಕೇಳಿ ಕಲಿಯಬೇಕು.

ಹೊಟ್ಟೆ ಒತ್ತಿ ಮೂತ್ರ ತೆಗೆಯುವ ರೂಢಿ ಇನ್ನೂ ಹಲವು ಮನೆಗಳಲ್ಲಿದೆ. ಬಾಯಿಯ ಸ್ನಾಯು ಬಿಗಿದಿರುವವರಿಗೆ ಅದು ಕೆಟ್ಟದ್ದು. ಈಗಾಗಲೇ ಏರಿದ ಒತ್ತಡದ ಮೇಲೆ ಇನ್ನೂ ಒತ್ತಿದ ಹಾಗೆ.

ಗುಳಿಗೆಯ ತೊಂದರೆಗಳ ಬಗ್ಗೆ ಸ್ವಲ್ಪ ಉದ್ದ ಹೇಳಬೇಕು, ಏಕೆಂದರೆ ಜನ ಗುಳಿಗೆ ಬಿಡುವುದೇ ಇವುಗಳಿಂದ. ಮಸ್ಕರಿನಿಕ್ ಗ್ರಾಹಕಗಳು ಮೂತ್ರಕೋಶದಲ್ಲಿ ಮಾತ್ರ ಇಲ್ಲ. ಜೊಲ್ಲಿನ ಗ್ರಂಥಿಯಲ್ಲಿ ಇವೆ, ಕರುಳಿನಲ್ಲಿ ಇವೆ, ಕಣ್ಣಿನಲ್ಲಿ, ಬೆವರಿನ ಗ್ರಂಥಿಯಲ್ಲಿ, ಮಿದುಳಿನಲ್ಲಿ ಇವೆ. ಹಾಗಾಗಿ ಬಾಯಿ ಒಣಗುತ್ತದೆ. ಬಾಯಿ ಒಣಗಿತು ಅಂತ ನೀರು ಮೇಲಿಂದ ಮೇಲೆ ಕುಡಿಯುತ್ತಾರೆ. ಮೂತ್ರ ಜಾಸ್ತಿಯಾಗುತ್ತದೆ, ಮತ್ತೆ ಸೋರುತ್ತದೆ, "ಗುಳಿಗಿ ಹತ್ತಲಿಲ್ಲ" ಅನ್ನುತ್ತಾರೆ. ಬಾಯಿ ಒಣಗಿದರೆ ಗುಟುಕು ಗುಟುಕಾಗಿ ಬಾಯಿ ಒದ್ದೆ ಮಾಡಿಕೊಳ್ಳಿ, ಸಕ್ಕರೆ ಇಲ್ಲದ ಚೂಯಿಂಗ್ ಗಮ್ ಅಗಿಯಿರಿ. ಜೊಲ್ಲು ಕಡಿಮೆಯಾದರೆ ಹಲ್ಲು ಬೇಗ ಹುಳುಕಾಗುತ್ತವೆ, ಹಲ್ಲಿನ ಕಡೆಗೂ ಗಮನ ಇರಲಿ. ತಡೆಯಲಾಗದಿದ್ದರೆ ಡಾಕ್ಟರ್ ಬೇರೆ ಗುಳಿಗೆಗೆ ಬದಲಿಸುತ್ತಾರೆ. ದಾರಿಗಳಿವೆ.

ಮಲಬದ್ಧತೆ ಇನ್ನೂ ದೊಡ್ಡ ತಲೆನೋವು. ಬೆನ್ನುಹುರಿ ಪೆಟ್ಟಿನವರ ಕರುಳು ಮೊದಲೇ ನಿಧಾನ. ಗುಳಿಗೆ ಅದನ್ನು ಇನ್ನೂ ನಿಧಾನ ಮಾಡುತ್ತದೆ. ಗಟ್ಟಿ ಮಲ ತುಂಬಿದ ಕರುಳು ಮೂತ್ರಕೋಶವನ್ನು ಒತ್ತಿ ಕೆರಳಿಸುತ್ತದೆ, ಸೋರುವುದು ಮತ್ತೆ ಶುರು. ನಮ್ಮ ಜೋಳದ ರೊಟ್ಟಿ, ಪುಂಡಿಪಲ್ಯ, ಕಾಳುಪಲ್ಯ ಇಲ್ಲಿ ಒಳ್ಳೆಯವೇ. ಅವಷ್ಟೇ ಸಾಲದಿದ್ದರೆ ಮಲ ಮೆತ್ತಗೆ ಮಾಡುವ ಔಷಧಿಯನ್ನು ಜೊತೆಗೇ ಕೇಳಿ ಬರೆಸಿಕೊಳ್ಳಿ.

ಮೂರನೆಯದು ಬಿಸಿಲು. ಇದನ್ನು ನಮ್ಮ ಸೀಮೆಯವರಿಗೆ ಒತ್ತಿ ಹೇಳಬೇಕು. ಬೆನ್ನುಹುರಿ ಪೆಟ್ಟಾದವರು ಪೆಟ್ಟಿನ ಕೆಳಗಿನ ಭಾಗದಲ್ಲಿ ಮೊದಲೇ ಸರಿಯಾಗಿ ಬೆವರುವುದಿಲ್ಲ. ಗುಳಿಗೆ ಉಳಿದ ಬೆವರನ್ನೂ ಕಡಿಮೆ ಮಾಡುತ್ತದೆ. ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ತಗಡಿನ ಶೀಟಿನ ಮನೆಯಲ್ಲಿ ಮಧ್ಯಾಹ್ನ ಮಲಗಿದವರ ಮೈ ಬಿಸಿಯಾಗಿ ಜ್ವರ ಬಂದಂತಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಮೈ ಒರೆಸುವುದು, ಗಾಳಿಯಾಡುವ ಕಡೆ ಮಲಗಿಸುವುದು, ಮಧ್ಯಾಹ್ನದ ಪ್ರಯಾಣ ತಪ್ಪಿಸುವುದು ಅವರಿಗೆ ಔಷಧಿಯಷ್ಟೇ ಮುಖ್ಯ.

ಕಣ್ಣು ಮಸುಕಾಗಬಹುದು. ಒಂದು ಬಗೆಯ ಗ್ಲಾಕೋಮಾ (ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆ) ಇರುವವರಿಗೆ ಈ ಗುಳಿಗೆ ಕೂಡದು. ಮೈಯಸ್ತೀನಿಯಾ ಎಂಬ ಸ್ನಾಯು ಕಾಯಿಲೆ ಇದ್ದರೂ ಹೇಳಬೇಕು. ವಯಸ್ಸಾದವರಲ್ಲಿ ಮರೆವು, ಗೊಂದಲ ಕಾಣಬಹುದು. ಟ್ರೋಸ್ಪಿಯಂ ಎಂಬುದು ಮಿದುಳಿಗೆ ಕಡಿಮೆ ಹೋಗುತ್ತದೆ, ಅದನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು.

ಕೌಂಟರಿನ ಈ ಕಡೆ ನಿಂತವರಿಗೆ ಕಾಣುವ ಒಂದು ವಿಷಯ ಇದೆ. ನರದ ಉರಿ, ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್‌ಗೂ ಇದೇ ಬಾಯಿ ಒಣಗಿಸುವ, ಮಲ ಕಟ್ಟುವ ಗುಣ ಇದೆ. ನೆಗಡಿಗೆ ಕೊಡುವ ಹಲವು ಗುಳಿಗೆಗಳಿಗೂ ಇದೆ. ಒಬ್ಬ ಡಾಕ್ಟರ್ ಒಂದು ಬರೆದಿರುತ್ತಾರೆ, ಇನ್ನೊಬ್ಬರು ಇನ್ನೊಂದು. ಎರಡೂ ಸೇರಿದರೆ ತೊಂದರೆ ಇಮ್ಮಡಿ. ಎಲ್ಲ ಚೀಟಿಗಳನ್ನೂ ಒಟ್ಟಿಗೆ ತೋರಿಸಿ.

"ಸೆಳೆತದ ಗುಳಿಗೆ" ಎಂದು ಕೇಳಿದರೆ ಇನ್ನೊಂದು ಗೊಂದಲ. ಕಾಲಿನ ಬಿಗಿತಕ್ಕೆ ಕೊಡುವ ಬ್ಯಾಕ್ಲೋಫೆನ್ ಬೇರೆಯೇ ಔಷಧಿ, ಮೂತ್ರಕೋಶಕ್ಕೆ ಅದು ಬದಲಿ ಅಲ್ಲ. ಅದನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಹೊಟ್ಟೆ ಮುರಿತಕ್ಕೆ ಕೊಡುವ ಡೈಸೈಕ್ಲೋಮಿನ್ ಕೂಡ ಇದರ ಬದಲಿಗೆ ನಡೆಯುವುದಿಲ್ಲ. ಫ್ಲೇವಾಕ್ಸೇಟ್ ಉರಿಮೂತ್ರಕ್ಕೆ ಎಂದು ಬಹಳ ಹೋಗುತ್ತದೆ. ಕಿಡ್ನಿ ಕಾಯುವಷ್ಟು ಒತ್ತಡ ಇಳಿಸುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ಸೋಲಿಫೆನಾಸಿನ್ ಬರೆದ ಕಡೆ ಅದನ್ನು ಕೊಟ್ಟರೆ ತೆಗೆದುಕೊಳ್ಳಬೇಡಿ.

ಎಲ್ಲ ಬೆನ್ನುಹುರಿ ಪೆಟ್ಟಿಗೂ ಈ ಗುಳಿಗೆ ಬೇಡ, ಇದನ್ನೂ ತಿಳಿದಿರಬೇಕು. ಬೆನ್ನುಹುರಿ ಎಲ್-1, ಎಲ್-2 ಮೂಳೆಯ (ಸೊಂಟದ ಮೊದಲ, ಎರಡನೇ ಬೆನ್ನುಮೂಳೆ) ಹತ್ತಿರವೇ ಮುಗಿದುಹೋಗುತ್ತದೆ. ಅದರ ಕೆಳಗೆ ಇರುವುದು ನರಗಳ ಗೊಂಚಲು. ಪೆಟ್ಟು ತುದಿಗೇ ಅಥವಾ ಗೊಂಚಲಿಗೆ ಬಿದ್ದಿದ್ದರೆ ಮೂತ್ರಕೋಶ ಸಾಮಾನ್ಯವಾಗಿ ಸೋತೇ ಉಳಿಯುತ್ತದೆ. ಹಿಂಡುವುದೇ ಇಲ್ಲದ ಮೂತ್ರಕೋಶಕ್ಕೆ ಹಿಂಡುವುದನ್ನು ತಡೆಯುವ ಗುಳಿಗೆ ಯಾಕೆ? ಡಿ-12 (ಎದೆಯ ಹಿಂಭಾಗದ ಕೊನೆಯ ಬೆನ್ನುಮೂಳೆ), ಎಲ್-1 ಮೂಳೆ ಮುರಿದವರಲ್ಲಿ ಎರಡೂ ಬಗೆ ಕಾಣುತ್ತವೆ, ಮಿಶ್ರವಾಗಿಯೂ ಇರುತ್ತವೆ. ಹಾಗಾಗಿ ಪಕ್ಕದ ಊರಿನವನಿಗೆ ಗುಣವಾಯಿತು ಅಂತ ಅವನ ಗುಳಿಗೆ ನಿಮಗೆ ಆಗಬೇಕೆಂದಿಲ್ಲ. ಇದನ್ನು ಬಿಡಿಸಿ ಹೇಳುವುದು ಯೂರೋಡೈನಮಿಕ್ಸ್ ಪರೀಕ್ಷೆ. ಸಣ್ಣ ನಳಿಗೆಯಿಂದ ನೀರು ತುಂಬಿಸುತ್ತಾ ಒತ್ತಡ ಅಳೆಯುತ್ತಾರೆ. ಬೆಳಗಾವಿಯ ಕೆಎಲ್‌ಇ, ವಿಜಯಪುರದ ಬಿಎಲ್‌ಡಿಇ ಆಸ್ಪತ್ರೆಗಳಲ್ಲಿ ಯೂರಾಲಜಿ ವಿಭಾಗ ಇದೆ. ಗಾಡಿ ಮಾಡಿಕೊಂಡು ಹೊರಡುವ ಮೊದಲು ಈ ಪರೀಕ್ಷೆ ಮಾಡುತ್ತಾರಾ, ಯಾವ ದಿನ ಎಂದು ಫೋನ್ ಮಾಡಿ ಕೇಳಿ.

ಗುಳಿಗೆ ಸಾಲದಿದ್ದರೆ? ಮಿರಾಬೆಗ್ರಾನ್ ಬೇರೆ ದಾರಿಯಿಂದ ಗೋಡೆಯನ್ನು ಸಡಿಲಿಸುತ್ತದೆ, ಬಾಯಿ ಅಷ್ಟು ಒಣಗಿಸುವುದಿಲ್ಲ. ಬಿಪಿ ನೋಡಿಕೊಳ್ಳಬೇಕು. ಒಮ್ಮೊಮ್ಮೆ ಎರಡನ್ನೂ ಸೇರಿಸಿ ಕೊಡುತ್ತಾರೆ. ಅದೂ ಆಗದಿದ್ದರೆ ದುರ್ಬೀನಿನ ಮೂಲಕ ಮೂತ್ರಕೋಶದ ಗೋಡೆಗೆ ಬೊಟಾಕ್ಸ್ ಇಂಜೆಕ್ಷನ್ ಇದೆ, ಸಾಮಾನ್ಯವಾಗಿ 200 ಯೂನಿಟ್. ಅಮೆರಿಕದಲ್ಲಿ 2011ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಪರಿಣಾಮ ಆರರಿಂದ ಒಂಬತ್ತು ತಿಂಗಳು, ಆಮೇಲೆ ಮತ್ತೆ ಹಾಕಿಸಬೇಕು. ನಳಿಗೆ ಹಾಕುವುದು ಆಗಲೂ ತಪ್ಪುವುದಿಲ್ಲ.

ಪೆಟ್ಟು ಡಿ-6 (ಎದೆಯ ಹಿಂಭಾಗದ ಆರನೇ ಬೆನ್ನುಮೂಳೆಯ ಮಟ್ಟ) ಅಥವಾ ಅದಕ್ಕಿಂತ ಮೇಲೆ ಇರುವವರ ಮನೆಯವರು ಇದನ್ನು ಓದಲೇಬೇಕು. ಮೂತ್ರಕೋಶ ತುಂಬಿ ಬಿಗಿದಾಗ ಅವರ ಬಿಪಿ ಒಮ್ಮೆಲೇ ಏರಬಹುದು. ತಲೆ ಸಿಡಿಯುವಂಥ ನೋವು, ಮುಖ ಕೆಂಪು, ಕುತ್ತಿಗೆ ಮೇಲೆಲ್ಲ ಬೆವರು. ಇವರ ದಿನನಿತ್ಯದ ಬಿಪಿಯೇ 90, 100ರ ಹತ್ತಿರ ಇರುವುದರಿಂದ 140 ಬಂದರೂ ಅದು ಗಂಡಾಂತರ. ತಕ್ಷಣ ಎಬ್ಬಿಸಿ ಕೂರಿಸಿ. ಮಲಗಿಸಬೇಡಿ. ಬಿಗಿ ಬಟ್ಟೆ ಸಡಿಲಿಸಿ, ನಳಿಗೆ ಹಾಕಿ ಖಾಲಿ ಮಾಡಿ. ಫೋಲಿ ಇದ್ದರೆ ಎಲ್ಲಾದರೂ ಮಡಚಿದೆಯಾ, ಕಟ್ಟಿಕೊಂಡಿದೆಯಾ ನೋಡಿ. ಕೂಡಲೇ ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿ.

ಗುಳಿಗೆ ಮೇಲೆ ಚೆನ್ನಾಗಿದ್ದವರಿಗೆ ಏಕಾಏಕಿ ಸೋರಲು ಶುರುವಾದರೆ ಡೋಸ್ ಏರಿಸುವ ಮಾತು ಆಮೇಲೆ. ಮೊದಲು ಸೋಂಕು ಇದೆಯಾ, ಕಲ್ಲು ಇದೆಯಾ, ಮಲ ಕಟ್ಟಿದೆಯಾ ನೋಡಿಸಿ. ಮೂತ್ರ ಸ್ವಲ್ಪ ಮಬ್ಬಾದ ಮಾತ್ರಕ್ಕೆ ಆಂಟಿಬಯಾಟಿಕ್ ಬೇಡ. ನಳಿಗೆ ಬಳಸುವವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಜ್ವರ, ಚಳಿ, ಕಾಲಿನ ಸೆಳೆತ ಜಾಸ್ತಿಯಾಗುವುದು, ಹೊಸದಾಗಿ ಸೋರುವುದು ಇದ್ದರೆ ಮೂತ್ರದ ಕಲ್ಚರ್ (ಯಾವ ರೋಗಾಣು ಎಂದು ನೋಡುವ ಪರೀಕ್ಷೆ) ಮಾಡಿಸಿ ಔಷಧಿ. ನಮ್ಮಂಥ ಅಂಗಡಿಯಲ್ಲಿ ಕೇಳಿ ನುಂಗಿದ ಆಂಟಿಬಯಾಟಿಕ್‌ಗಳು ಮುಂದೆ ನಿಜವಾದ ಸೋಂಕು ಬಂದಾಗ ಕೆಲಸ ಮಾಡದೇ ಹೋಗಬಹುದು.

ಏನೂ ತೊಂದರೆ ಇಲ್ಲ ಅನ್ನಿಸಿದರೂ ವರ್ಷಕ್ಕೆ ಒಮ್ಮೆಯಾದರೂ ಕಿಡ್ನಿಯ ಸ್ಕ್ಯಾನಿಂಗ್ ಬೇಕು. ಕಿಡ್ನಿಯ ಕೆಲಸ ತಿಳಿಯಲು ನೋಡುವ ರಕ್ತದ ಕ್ರಿಯಾಟಿನಿನ್ ನಾರ್ಮಲ್ ಬಂತು ಎಂದು ನಿಶ್ಚಿಂತೆ ಆಗಬೇಡಿ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ. ಕಾಲಿನ ಸ್ನಾಯು ಕರಗಿದವರಲ್ಲಿ ಅದು ಮೊದಲೇ ಕಡಿಮೆ ಇರುತ್ತದೆ, ಕಿಡ್ನಿ ಸೋಲುತ್ತಿದ್ದರೂ ಅಂಕಿ ಚೆನ್ನಾಗಿ ಕಾಣಬಹುದು.

ಡಾಕ್ಟರ್ ಹತ್ತಿರ ಹೋಗುವ ಮೊದಲು ಮೂರು ದಿನ ಒಂದು ಹಾಳೆಯಲ್ಲಿ ಬರೆದಿಡಿ. ಎಷ್ಟು ಗಂಟೆಗೆ ನಳಿಗೆ ಹಾಕಿದಿರಿ, ಎಷ್ಟು ಮಿಲಿಲೀಟರ್ ಬಂತು, ನಡುವೆ ಎಷ್ಟು ಸಲ ಸೋರಿತು, ನೀರು, ಚಹಾ ಎಲ್ಲ ಸೇರಿ ಎಷ್ಟು ಕುಡಿದರು. ಅಳೆಯಲು ಗುರುತಿರುವ ಒಂದು ಪ್ಲಾಸ್ಟಿಕ್ ಜಗ್ ಸಾಕು. ಗುಳಿಗೆ ಏರಿಸಬೇಕಾ, ಬದಲಿಸಬೇಕಾ, ನಳಿಗೆಯ ಹೊತ್ತು ಸರಿಪಡಿಸಿದರೆ ಸಾಕಾ ಅನ್ನುವುದನ್ನು ಡಾಕ್ಟರ್ ಆ ಹಾಳೆಯಿಂದಲೇ ಮುಕ್ಕಾಲು ಭಾಗ ಹೇಳಬಲ್ಲರು.